ಅಯ್ಯನವರ ಕೈಸನ್ನೆ

ಗೌರೀಶ ಪ್ರತಿಭಾಳನ್ನು ಮೊದಲು ಕಂಡದ್ದು ಚನ್ನರಾಯಪಟ್ಟಣದಲ್ಲಿ, ಅವಳ ತಂದೆ ಈಶ್ವರಯ್ಯನವರ ನಡುಮನೆಯಲ್ಲಿ, ಒಂದು ಶನಿವಾರ ಮಧ್ಯಾಹ್ನ ಮೂರೂವರೆಗೆ. ತಟ್ಟೆಯಲ್ಲಿ ಕೇಸರಿಬಾತು ಇನ್ನೂ ಬಿಸಿಯಾಗಿತ್ತು. ಅವಳು ಬಂದಳು, ಕಾಫಿ ಲೋಟ ಇಟ್ಟಳು, ಒಂದೇ ಒಂದು ಸಲ ಕಣ್ಣೆತ್ತಿ ನೋಡಿದಳು, ಹುಬ್ಬೇರಿಸಿ ಸರಸರನೆ ಒಳಗೆ ಹೋದಳು.

'ಒಪ್ಪಿದಳು!' ಎಂದು ಗೌರೀಶ ಅಲ್ಲೇ ತೀರ್ಮಾನಿಸಿದ.

ಮದುವೆಯಾಗಿ ಮೂರು ವರ್ಷದ ಮೇಲೆ ಪ್ರತಿಭಾ ಬಾಯಿಬಿಟ್ಟಳು: "ರೀ, ನಾನವತ್ತು ನೋಡಿದ್ದು ನಿಮ್ಮ ತಲೆ ಮೇಲಿದ್ದ ಗಡಿಯಾರನ. ನಾಲ್ಕು ಗಂಟೆಯೊಳಗೆ ಕಾಲೇಜಿಗೆ ಹೋಗಿ ಹಾಲ್ ಟಿಕೆಟ್ ಇಸ್ಕೋಬೇಕಿತ್ತು."

ಗೌರೀಶ ನಂಬಿದರೆ ತಾನೆ! ಕೊಣನೂರಿನಾಚೆಯ ಹಳ್ಳಿಯಲ್ಲಿ ಹುಟ್ಟಿ, ಮನೆತನಕ್ಕೇ ಮೊದಲ ಪದವೀಧರನಾಗಿ, ಹೊಳೆನರಸೀಪುರದಲ್ಲಿ ಉಪನ್ಯಾಸಕನಾದವನು. ಹಾಸನದ ವಿಚಾರ ಸಂಕಿರಣದಲ್ಲಿ 'ಮಾತಿನಲ್ಲಿ ಕಣ್ಣು ಕೈಗಳ ಪಾತ್ರ' ಎಂದು ಇಪ್ಪತ್ತೆರಡು ಪುಟದ ಪ್ರಬಂಧ ಓದಿ ಬಂದವನು!

"ಅರ್ಧ ಮಾತು ಬಾಯಲ್ಲಿರುತ್ತೆ ಕಣೇ, ಇನ್ನರ್ಧ ಕಣ್ಣಲ್ಲಿ, ಕೈಯಲ್ಲಿ. ಆ ಇನ್ನರ್ಧ ಓದೋದೇ ನನ್ನ ವಿದ್ಯೆ!"

ಆ ವಿದ್ಯೆಯ ಮಹಾಪ್ರದರ್ಶನ ನಡೆದದ್ದು ಅವರ ಹೊಸ ಮನೆಯ ಗೃಹಪ್ರವೇಶದಲ್ಲಿ.

ಅಂದು ಬೆಳಿಗ್ಗೆ ಈಶ್ವರಯ್ಯನವರು ತಮ್ಮ ಮದುವೆಯ ರೇಷ್ಮೆ ಶಲ್ಯವನ್ನು ಅಳಿಯನಿಗೆ ತಾವೇ ಹೊದಿಸಿದರು. ನಲವತ್ತೊಂದು ವರ್ಷ ಬೀರುವಿನಿಂದ ಹೊರಬರದಿದ್ದ ಶಲ್ಯ! "ನನ್ ಮಗನಿಗೂ ಕೊಟ್ಟಿಲ್ಲ ಅಳಿಯಂದ್ರೇ. ಸಂಜೆಗೆ ಎಂಗೈತೋ ಅಂಗೇ ವಾಪಸ್ ಬರ್ಬೇಕು."

"ಜೀವದಂಗೆ ಕಾಪಾಡ್ತೀನಿ ಮಾವ!"

ಹೋಮ ಮಾಡಿಸಲು ಬಂದ ಅಯ್ಯನವರು ಚಂದ್ರಶೇಖರಯ್ಯ. ಶುರುವಿನಿಂದ ಕೊನೆಯವರೆಗೆ ಮಂತ್ರದ ನಡುವೆ ಒಂದೇ ಒಂದು ಕನ್ನಡದ ಮಾತು ಬೆರೆಸಿದವರಲ್ಲ ಎಂಬುದು ಅವರ ಕೀರ್ತಿ. ಬಾಯಿ ದೇವರಿಗೆ ಮೀಸಲು. ಕಣ್ಣು, ಕೈ ಯಜಮಾನನಿಗೆ.

"ಅರ್ಥ ಆಗದಿದ್ರೆ ಕೇಳ್ಬಿಡಿ," ಎಂದಳು ಪ್ರತಿಭಾ ಮೆಲ್ಲಗೆ.

"ಕೇಳೋದಾ! ನಾನಾ!"

ಅಯ್ಯನವರು ಬೆರಳು ಬಗ್ಗಿಸಿದರು. ಗೌರೀಶ ನೀರು ಬಿಟ್ಟ. ಹುಬ್ಬು ಹಾರಿಸಿದರು, ಅಕ್ಷತೆ ಹಾಕಿದ. ಗದ್ದ ಎತ್ತಿದರು, ಗಂಟೆ ಬಾರಿಸಿದ. ಒಂದೂ ತಪ್ಪಲಿಲ್ಲ! ಬೀಗುತ್ತಾ ಹೆಂಡತಿಯತ್ತ ನೋಡಿದ. ಅವಳು ಕಣ್ಣಲ್ಲೇ ಗದರಿದಳು. ಅದನ್ನವನು ಮೆಚ್ಚುಗೆ ಎಂದು ಓದಿಕೊಂಡ.

ಕೊನೆಗೆ ಪೂರ್ಣಾಹುತಿ. ಗಂಡ ಹೆಂಡತಿ ಎದ್ದು ನಿಂತು, ರೇಷ್ಮೆ ತುಂಡು ಸುತ್ತಿದ ಕೊಬ್ಬರಿಯನ್ನು ಕುಂಡಕ್ಕೆ ಹಾಕಿದರು. ಬೆಂಕಿ ಭುಗಿಲೆಂದಿತು. ಬಗ್ಗಿದ ಗೌರೀಶನ ಹೆಗಲಿನಿಂದ ಶಲ್ಯದ ಸೆರಗು ಕುಂಡದತ್ತ ಜಾರಿತು.

ಅಯ್ಯನವರ ಕಣ್ಣುಗಳು ಅಗಲವಾದವು. ಶಲ್ಯ ನೋಡಿದರು, ಬೆಂಕಿ ನೋಡಿದರು, ಮತ್ತೆ ಶಲ್ಯ ನೋಡಿದರು. ಎಡಗೈಯನ್ನು ಪಟಪಟನೆ ಬೀಸಿದರು. ಮಂತ್ರ ಮಾತ್ರ ನಿಲ್ಲಲಿಲ್ಲ.

ಶಲ್ಯ. ಬೆಂಕಿ. ಬೇಗ! ಗೌರೀಶ ಒಂದೊಂದನ್ನೂ ಸರಿಯಾಗಿಯೇ ಓದಿದ. ಅಂದರೆ... ತುಂಡು ರೇಷ್ಮೆ ಸಾಲದು!

ಆದರೆ ಇದು ಮಾವನ ಶಲ್ಯ! ಪಕ್ಕದಲ್ಲಿ ಪ್ರತಿಭಾ ಹೊಗೆಗೆ ಕೆಮ್ಮುತ್ತಾ, ಮಾತು ಹೊರಡದೆ, ಮೊಣಕೈಯಿಂದ ತಿವಿದಳು. ಅವಳದೂ ಅವಸರವೇ! ತಿರುಗಿ ನೋಡಿದರೆ, ಬಾಗಿಲ ಬಳಿ ಈಶ್ವರಯ್ಯನವರು ಎರಡೂ ಕೈ ಮೇಲೆತ್ತಿ ಅಲ್ಲಾಡಿಸುತ್ತಿದ್ದಾರೆ. ಆಶೀರ್ವಾದ! ಎಂಥ ತ್ಯಾಗಿ!

ಗೌರೀಶನ ಕಣ್ಣು ತುಂಬಿತು. ಶಲ್ಯ ತೆಗೆದು, ನಾಲ್ಕು ಮಡಿಕೆ ಮಾಡಿ, ಕಣ್ಣಿಗೊತ್ತಿಕೊಂಡು ಬೆಂಕಿಗೆ ಅರ್ಪಿಸಿದ.

"ಸ್ವಾಹಾ!" ಎಂದಿತು ಅಯ್ಯನವರ ಬಾಯಿ, ಅಭ್ಯಾಸಬಲದಿಂದ.

ಮರುಕ್ಷಣವೇ ಅವರ ಕೀರ್ತಿಯೂ ಕುಂಡಕ್ಕೆ ಬಿತ್ತು. "ಏನ್ ಮಾಡ್ಬುಟ್ರಿ ಮೇಷ್ಟ್ರೇ! ಎಳ್ಕಳಿ ಅಂದ್ರೆ ಆಕ್ಬುಟ್ರಲ್ಲಾ!"

"ಎಳ್ಕಳಿ ಅಂತ ಯಾವಾಗಂದ್ರಿ ಅಯ್ನೋರೇ?"

"ಕೈಯಾಗೆ ಅಂದ್ನಲ್ಲಾ!"

ಇಕ್ಕಳ ತಂದು ಎಳೆದಾಗ ಉಳಿದದ್ದು ಒಂದು ಗೇಣು ಜರಿ. ಈಶ್ವರಯ್ಯನವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಅಳಿಯನನ್ನೇ ನೋಡುತ್ತಾ ನಿಂತರು. ಗೌರೀಶ ಜೀವನದಲ್ಲಿ ಮೊದಲ ಬಾರಿಗೆ ಅರ್ಥ ಕೇಳಿದ:

"ಮಾವ... ಈ ನೋಟಕ್ಕೆ ಏನರ್ಥ?"

"ನಿಮ್ಗೆ ಅರ್ಥ ಆಗೋದು ಬ್ಯಾಡ ಅಂತ್ಲೇ ಬಾಯ್ ಮುಚ್ಕಂಡಿವ್ನಿ ಅಳಿಯಂದ್ರೇ."

ಗೌರೀಶ ಈಗಲೂ ಹೊಳೆನರಸೀಪುರದಲ್ಲಿ ಪಾಠ ಮಾಡುತ್ತಾನೆ. ಮನೆಯ ಪೂಜೆಗಳಲ್ಲಿ ಯಜಮಾನನ ಮಣೆಯ ಮೇಲೆ ಪ್ರತಿಭಾ ಒಬ್ಬಳೇ ಕೂರುತ್ತಾಳೆ. ಅವನು ಹಿಂದೆ ಗೋಡೆಗೊರಗಿ, ಎರಡೂ ಕೈ ಕಟ್ಟಿ ಕೂರುತ್ತಾನೆ. ಯಾರಾದರೂ ಬಾಯಿಬಿಟ್ಟು 'ಏಳಿ' ಎಂದ ಮೇಲಷ್ಟೇ ಏಳುತ್ತಾನೆ. ಹೋದ ಶ್ರಾವಣದಲ್ಲಿ ಯಾರೂ ಹೇಳಲಿಲ್ಲ. ಎಲ್ಲರ ಊಟವಾಗಿ ಎಲೆ ಎತ್ತುವವರೆಗೂ ಅಲ್ಲೇ ಕೂತಿದ್ದ.