ಶಾಲೆಯ ನೀರು ಶುದ್ಧೀಕರಣ ಯಂತ್ರಕ್ಕೆ ಒಬ್ಬ ತಾಯಿಯ ಬಿನ್ನಹ

ಪ್ರೌಢಶಾಲೆಯ ವರಾಂಡದಲ್ಲಿ ಹಗಲಿರುಳೂ ನಿಂತೇ ಸೇವೆ ಸಲ್ಲಿಸುತ್ತಿರುವ ಮಾನ್ಯ ನೀರು ಶುದ್ಧೀಕರಣ ಯಂತ್ರದವರಿಗೆ, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿಯೂ ವೃತ್ತಿಯಿಂದ ದರ್ಜಿಯೂ ಆದ ನಾನು ಕೈಮುಗಿದು ಮಾಡುವ ವಂದನೆಗಳು.

ಮಾನ್ಯರೇ, ತಾವು ಕತ್ತೆತ್ತಿ ನೋಡಲಾರಿರಿ ಎಂಬ ಕಾರಣಕ್ಕೆ ತಿಳಿಸುತ್ತಿದ್ದೇನೆ: ತಮ್ಮ ನೆತ್ತಿಯ ಮೇಲೆ 'ಪ್ರಶ್ನಿಸಿ, ಪರೀಕ್ಷಿಸಿ, ಕಲಿಯಿರಿ' ಎಂಬ ದೊಡ್ಡ ಫಲಕವಿದೆ. ಈ ವರ್ಷದಿಂದ ಮಕ್ಕಳು ತಾವೇ ಪ್ರಶ್ನೆ ಹುಡುಕಿ, ತಾವೇ ಸಂಶೋಧನೆ ನಡೆಸಿ ವರದಿ ಬರೆಯಬೇಕೆಂದು ಪೋಷಕರ ಸಭೆಯಲ್ಲಿ ಶಾಲೆಯವರು ಸಾರಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ. ಉಳಿದ ಮಕ್ಕಳು ಜಾಣರು. ಅಡುಗೆ ಸೋಡಾದ ಜ್ವಾಲಾಮುಖಿಯನ್ನೇ ಈ ಬಾರಿಯೂ ಉಕ್ಕಿಸಿ ಕೈತೊಳೆದುಕೊಂಡರು. ನನ್ನ ಮಗಳು ಮಾತ್ರ ಫಲಕವನ್ನು ನಂಬಿಬಿಟ್ಟಳು. ತಮ್ಮ ನೀರಿಗೂ ಕೈತೊಳೆಯುವ ನಲ್ಲಿಯ ನೀರಿಗೂ ಏನು ವ್ಯತ್ಯಾಸ ಎಂಬುದು ಅವಳ ಪ್ರಶ್ನೆಯಾಗಿತ್ತು.

ಎರಡನ್ನೂ ಒಂದೇ ತರಹದ ಲೋಟಗಳಿಗೆ ತುಂಬಿ, ಯಾವುದು ಯಾವುದೆಂದು ಹೇಳದೆ ಗೆಳತಿಯರಿಗೆ ರುಚಿ ತೋರಿಸಿದಳು, ಯಾರಿಗೂ ಗೊತ್ತಾಗಲಿಲ್ಲ. ಬಾಟಲಿಗಳಲ್ಲಿ ತುಂಬಿ ಕಿಟಕಿಯ ಬಳಿ ಇಟ್ಟಳು. ಎರಡರ ತಳದಲ್ಲೂ ಒಂದೇ ಬಗೆಯ ಕೆಸರು ಕೂತಿತು. ಕೊನೆಗೆ ಜವಾನರನ್ನು ಕಾಡಿಬೇಡಿ ತಮ್ಮ ಮುಚ್ಚಳ ತೆಗೆಸಿ ನೋಡಿದರೆ, ಫಿಲ್ಟರ್ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಒಳಗೆ ಬಂದ ಪೈಪು ನೇರವಾಗಿ ನಲ್ಲಿಗೇ ಹೋಗಿತ್ತು. ಹೊಟ್ಟೆ ಖಾಲಿಯಿದ್ದರೂ ಎದೆಯ ಮೇಲೆ 'ಶುದ್ಧ' ಎಂದು ಹಸಿರು ದೀಪ ಹೊತ್ತಿಸಿಕೊಂಡು ನಿಲ್ಲುವ ತಮ್ಮಂಥ ಗಟ್ಟಿಗರು ಶಿಕ್ಷಣ ಇಲಾಖೆಯಲ್ಲಿ ಬಹಳ ಮೇಲೆ ಬರುವುದು ಖಂಡಿತ.

ವರದಿ ಓದಿದ ಮುಖ್ಯೋಪಾಧ್ಯಾಯಿನಿಯವರು ಸಂಶೋಧನಾ ವಿಧಾನವನ್ನು ಬಾಯಿ ತುಂಬ ಹೊಗಳಿ, ತೀರ್ಮಾನವನ್ನು ಮಾತ್ರ ತಿರಸ್ಕರಿಸಿದ್ದಾರೆ. ಸೋಮವಾರ ಈ ವರದಿಗಳನ್ನು ಮೇಜಿನ ಮೇಲಿಟ್ಟು ತೋರಿಸುವ ಪ್ರದರ್ಶನಕ್ಕೆ ತಮ್ಮನ್ನು ದಾನ ಮಾಡಿದ ಗಣ್ಯರೇ ಅತಿಥಿಗಳಂತೆ. 'ಯಂತ್ರದ ನೀರು ಶುದ್ಧವಾಗಿದೆ' ಎಂದು ತಿದ್ದಿದರೆ ಮೊದಲ ಸಾಲಿನಲ್ಲಿ ಮೇಜು, ಇಲ್ಲವಾದರೆ ಅಂಕ ಸೊನ್ನೆ. ಅಂಗಿ ಹೊಲಿದಿಟ್ಟು ಆಮೇಲೆ ಅಳತೆ ತೆಗೆಯುವ ಈ ಪದ್ಧತಿ ನಮ್ಮ ಕಸುಬಿಗೆ ಇನ್ನೂ ಬಂದಿಲ್ಲ. ಮಗಳು ತಟ್ಟೆ ಮುಂದಿಟ್ಟುಕೊಂಡು ಉಣ್ಣದೆ, "ಅಮ್ಮಾ, ನೋಡಿದ್ದನ್ನ ನೋಡಿಲ್ಲ ಅಂತ ಹೇಗೆ ಬರೀಲಿ?" ಎಂದು ಕೇಳಿದಳು. ನನಗೆ ಸಿಟ್ಟು ಬಂತು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಯೇನೆಂದರೆ, ಸೋಮವಾರದೊಳಗೆ ದಯಮಾಡಿ ತಮ್ಮ ಹೊಟ್ಟೆಯಲ್ಲಿ ತಾವೇ ಒಂದು ಫಿಲ್ಟರ್ ಬೆಳೆಸಿಕೊಳ್ಳಬೇಕು. ಶಾಲೆಯವರೇ ಒಂದನ್ನು ತಂದು ಹಾಕಲಿ ಎಂಬಂಥ ಅಸಾಧ್ಯದ ಮಾತನ್ನು ನಾನು ಆಡುವುದಿಲ್ಲ. ಅದು ತಮ್ಮಿಂದಾಗದಿದ್ದರೆ ಆ ಹಸಿರು ದೀಪವನ್ನಾದರೂ ಆರಿಸಿಬಿಡಿ. ತಾವು ಹೇಳುತ್ತಿರುವ ಸುಳ್ಳಿಗೆ ಒಂಬತ್ತನೇ ತರಗತಿಯ ಹುಡುಗಿಯಿಂದ ಸಹಿ ಹಾಕಿಸಬೇಡಿ.

ತಮ್ಮ ಶುದ್ಧತೆಯನ್ನು ನಂಬಲೇಬೇಕೆಂದು ಆಜ್ಞೆಯಾಗಿರುವ,
ತಮ್ಮ ವಿಶ್ವಾಸಿ,
ಒಬ್ಬ ತಾಯಿ

ವಿ.ಸೂ.: ಇಷ್ಟು ಬರೆಯುವಷ್ಟರಲ್ಲಿ ಮಗಳು ಬಂದು, ತಾನು ತಿದ್ದುವುದಿಲ್ಲ, ಸೊನ್ನೆ ಕೊಟ್ಟರೆ ಕೊಡಲಿ ಎಂದಳು. ಮುಂದಿನ ಸಂಶೋಧನೆಗೆ ಪ್ರಶ್ನೆಯನ್ನೂ ಆರಿಸಿಕೊಂಡಿದ್ದಾಳೆ: ನಮ್ಮ ಶಿಕ್ಷಕರೆಲ್ಲರೂ ಕುಡಿಯುವ ನೀರನ್ನು ಮನೆಯಿಂದಲೇ ಏಕೆ ತರುತ್ತಾರೆ?