ಅಪ್ಪ ಟೀವಿಗೆ ಯೂರಿಯಾ ಹಾಕಿದ್ದು

ನಮ್ಮ ಮನಿಗೆ ಏನರ ಹೊಸದು ಬಂದ್ರ ಸಾಕು, ಅದು ಕೆಲಸ ಮಾಡೋದಕ್ಕಿಂತ ಮೊದಲು ನಮ್ಮನ್ನ ನಗಸ್ತೈತಿ. ನಾನು ಮಂದಿ ಮುಂದ ಮಾತಾಡಾಕಿ ಅಲ್ಲ, ಮೂಲ್ಯಾಗ ಪುಸ್ತಕ ಹಿಡಕೊಂಡು ಕುಂದ್ರಾಕಿ. ಆದ್ರ ಈ ಕಲರ್ ಟೀವಿ ಸುದ್ದಿ ನಾನ ಹೇಳಬೇಕು. ಯಾಕಂದ್ರ ಕೊನಿಗೆ ಗೆದ್ದಾಕಿ ನಾನ.

ಹಸರು

ಕಾಲವಿ ನೀರಿಗೆ ಎರಡೂ ಬೆಳಿ ಚಲೋ ಬಂದ ವರ್ಷ ಅಪ್ಪ ಹೊಸಪೇಟಿಯಿಂದ ನಮ್ಮ ಬುಕ್ಕಸಾಗರಕ್ಕ ಕಲರ್ ಟೀವಿ ತಂದ. ಓಣ್ಯಾಗ ಅದ ಮೊದಲನೇದು. "ಪಟ ಚಲೋ ಬರಲಿಲ್ಲಂದ್ರ ವಾಪಸ್ ತರ್ತೀನಿ" ಅಂತ ಅಂಗಡ್ಯಾಗ ಹೇಳೇ ಬಂದಿದ್ದ. ಪುಸ್ತಕದಾಗ ಓದಿದ ಸಮುದ್ರ ಒಂದಿನ ಟೀವ್ಯಾಗ ನೀಲಿ ಬಣ್ಣದಾಗ ನೋಡಬೇಕಂತ ನನ್ನ ಆಸೆ.

ಟೀವಿಗೆ ಮೂರು ಗುಂಡಿ. ಒಂದು ಬೆಳಕಿಗೆ, ಒಂದು ಕಪ್ಪು ಬಿಳುಪು ಎದ್ದು ಕಾಣಾಕ, ಒಂದು ಬಣ್ಣಕ್ಕ. ಸಂಜಿ ರೈತರ ಕಾರ್ಯಕ್ರಮದಾಗ ಯಾರದೋ ನೆಲ್ಲಿನ ಗದ್ದಿ, ಅಂದ್ರ ಭತ್ತದ್ದು, ತೋರಿಸಿದ್ರು. ಅಪ್ಪ ಎದ್ದು ನಿಂತ.

"ಥೂ, ಎಂಥಾ ಹಳದಿ ಐತಲೇ! ಇವಂಗ ಯೂರಿಯಾ ಹಾಕಾಕ ಬರಂಗಿಲ್ಲ!"

ಬಣ್ಣದ ಗುಂಡಿ ಕೊನಿತನ ತಿರುವಿದ. ಗದ್ದಿ ನಮ್ಮ ಗದ್ದಿಗಿಂತ ಹಸರಾತು. ಮಾತಾಡೋ ಆಫೀಸರ್ ಮಾರಿ ಮಾತ್ರ ಟೊಮೇಟೊ ಹಣ್ಣಾತು. ಅಪ್ಪನ ಗದ್ದಲದಾಗ ಆಫೀಸರ್ ಏನು ಹೇಳಿದ್ನೋ ಯಾರಿಗೂ ಕೇಳಲಿಲ್ಲ.

"ಅಪ್ಪ, ಮಾರಿ ಕೆಂಪಾತಲ್ಲ," ಅಂದೆ ಮೆಲ್ಲಕ.

"ಮಾರಿ ತಗೊಂಡು ಏನ್ ಮಾಡ್ತಿ? ಬೆಳಿ ನೋಡು!"

ಕೆಂಪು

ಅವ್ವನ ತಮ್ಮ ಯಶವಂತನಗರದಾಗ ಮೈನ್ಸ್ ಲಾರಿ ಹೊಡಿತಾನ. ರಜಾಕ್ಕ ಬಂದ. ಅಂಗಿ, ಲುಂಗಿ, ಕಿವಿ, ಹುಬ್ಬು ಎಲ್ಲಾ ಅದಿರಿನ ಧೂಳಿಗೆ ಕೆಂಪು.

"ಮಾಮ, ಟೀವಿ ಮಂದಿ ಭಾಳ ಕೆಂಪದಾರಲ್ಲ?" ಅಂತ ಕೇಳಿದೆ.

ಮಾಮ ಹತ್ರ ಹೋಗಿ ನೋಡಿ ಅಂದ, "ಬರೋಬರಿ ಅದಾರಲ್ಲವ್ವ! ಡ್ಯೂಟಿ ಮುಗಿಸಿ ಬಂದಾರ. ಇನ್ನೂ ಜಳಕ ಆಗಿಲ್ಲ, ಅಷ್ಟ."

ಜ್ವರ

ಅಜ್ಜಿಗೆ ವಾರ್ತೆ ಓದಾಕಿ ಅಂದ್ರ ಜೀವ. ಆಕಿ ಮಾರಿ ನೋಡಿ ಅಜ್ಜಿ ಕೆನ್ನಿ ಮ್ಯಾಲೆ ಕೈ ಇಟ್ಕೊಂಡ್ಲು.

"ಅಯ್ಯ ನನ ಮಗಳ, ಜ್ವರಕ್ಕ ಹೆಂಗ ಕೆಂಪಾಗ್ಯಾಳ ನೋಡ್ರಿ! ಆದ್ರೂ ಕೆಲಸಕ್ಕ ಕರಸ್ಯಾರ."

ಜ್ವರ ಬಂದೋರ ಕಣ್ಣಿಗೆ ಬೆಳಕು ಬಡಿಬಾರದಂತ ಬೆಳಕಿನ ಗುಂಡಿ ಪೂರ್ತಿ ಇಳಿಸಿ ಬಿಟ್ಲು. ಕತ್ತಲ್ಯಾಗ ದನಿ ಅಷ್ಟ ಬಂತು.

"ಈಗ ಆರಾಮ ಓದ್ತಾಳ," ಅಂದ್ಲು ಅಜ್ಜಿ.

ನಾನು

ಮರುಸಂಜಿ ಎದುರು ಮನಿ ಕಾಕಾ ಬಂದು ಕತ್ತಲಾದ ಟೀವಿ ನೋಡಿ, "ಏನಣ್ಣಾ, ಅಮಾಸಿ ಟೀವಿ ತಂದಿಯೇನು?" ಅಂದ. ಟೀವಿ ನೋಡಾಕ ಕೂಡಿದ್ದ ಓಣಿ ಮಂದಿ ಎಲ್ಲಾ ನಕ್ರು. ಅಪ್ಪನ ಮಾರಿ ಸಣ್ಣದಾತು.

"ನಾಳಿ ಮುಂಜಾನಿ ಇದನ್ನ ಅಂಗಡಿಗೆ ಒಯ್ತೀನಿ," ಅಂದ.

ನನ್ನ ಸಮುದ್ರ ಹೋತು ಅನಿಸ್ತು. ಆಗಿಂದಾಗ ಎದ್ದೆ. ರೈತರ ಕಾರ್ಯಕ್ರಮ ಹತ್ತಿತ್ತು. ಬೆಳಕು ಏರಿಸಿ, ಬಣ್ಣ ಪೂರ್ತಿ ತಗದು ಬಿಟ್ಟೆ.

"ಅಯ್ಯಯ್ಯೋ, ಇದ್ದ ಬಣ್ಣನೂ ಹೋತು!" ಅಂತ ಕಾಕಾ ಒದರಿದ.

"ತಡ್ರಿ!" ಅಂದೆ. ಅಷ್ಟು ಮಂದಿ ಮುಂದ ನಾನಾಡಿದ ಮೊದಲನೇ ಮಾತು ಅದು.

ಆಫೀಸರ್ ಕೂದಲು ಕರ್ರಗ, ಅಂಗಿ ಬೆಳ್ಳಗ ಕಾಣೋತನ ಉಳಿದೆರಡು ಗುಂಡಿ ತಿರುವಿದೆ. ಆಮ್ಯಾಲೆ ಅಜ್ಜಿ ಕೈ ಟೀವಿ ಪಕ್ಕ ಹಿಡಿದು, ಆಫೀಸರ್ ಕೈಗೂ ಅಂಥಾದ್ದ ಬಣ್ಣ ಬರೋತನ ಚೂರು ಚೂರು ಬಣ್ಣ ಬಿಟ್ಟೆ.

"ಜ್ವರ ಇಳೀತು!" ಅಂದ್ಲು ಅಜ್ಜಿ.

ಅಷ್ಟ್ರಾಗ ನೆಲ್ಲಿನ ಗದ್ದಿ ಬಂತು. ಹಳದಿ.

"ನೋಡು, ಮತ್ತ ಹಳದಿ! ಬಣ್ಣ ಹೆಚ್ಚು ಮಾಡು," ಅಂದ ಅಪ್ಪ.

"ಇಲ್ಲಪ್ಪ, ಬಣ್ಣ ಬರೋಬರಿ ಐತಿ. ಗದ್ದೀನ ಹಳದಿ ಐತಿ."

ಅಪ್ಪ ಗುಂಡಿಗೆ ಕೈ ಹಾಕೋದ್ರಾಗ ಆಫೀಸರ್ ಅಂದ, "ರೈತ ಬಾಂಧವರೇ, ಎಲೆಯ ಈ ಹಳದಿ ಬಣ್ಣವನ್ನು ಸರಿಯಾಗಿ ನೋಡಿ. ಇದೇ ರೋಗದ ಲಕ್ಷಣ."

ಅಪ್ಪನ ಕೈ ಅಲ್ಲೇ ನಿಂತು ಬಿಡ್ತು.

"ಅಣ್ಣಾ, ರೋಗಕ್ಕ ಗುಂಡಿ ತಿರುವಿ ಔಷಧ ಕೊಟ್ಟಿಯಲ್ಲೋ!" ಅಂತ ಕಾಕಾ ಹೊಟ್ಟಿ ಹಿಡಕೊಂಡು ನಕ್ಕ.

"ನಗ್ರಿ, ನಗ್ರಿ," ಅಂದ ಅಪ್ಪ ಎದಿ ಉಬ್ಬಿಸಿ. "ರೋಗ ಕಂಡು ಹಿಡದಾಕಿ ಯಾರ ಮಗಳು?"

ಮುಂಜಾನಿ ಟೀವಿ ಎಲ್ಲಿಗೂ ಹೋಗಲಿಲ್ಲ. ಅಪ್ಪ ನನ್ನನ್ನ ಗದ್ದಿಗೆ ಕರಕೊಂಡು ಹೋಗಿ, ಬದುವಿನ ಮ್ಯಾಲೆ ನಿಲ್ಲಿಸಿ ಕೇಳಿದ, "ನೋಡಿ ಹೇಳವ್ವ, ನಮ್ಮ ನೆಲ್ಲಿನ ಬಣ್ಣ ಸರಿ ಐತಿಲ್ಲೋ?"

"ಐತಪ್ಪ," ಅಂದೆ. "ಯಾವ ಗುಂಡಿನೂ ಮುಟ್ಟಬ್ಯಾಡ."