ಬಿರುಕು ಬಿಟ್ಟರೇ ಮಾವನಿಗೆ ಪ್ರೀತಿ

ನಮ್ಮ ಸೋದರಮಾವನಿಗೆ ಗಟ್ಟಿಮುಟ್ಟಾದ ವಸ್ತು ಕಂಡರೆ ಆಗುವುದಿಲ್ಲ! ಕೋಲಾರದ ಗುಜರಿ ಅಂಗಡಿಗಳಲ್ಲಿ ಎಲ್ಲರೂ ಬಿರುಕಿಲ್ಲದ್ದನ್ನು ಹುಡುಕಿದರೆ, ಇವರು ಬಿರುಕು ಬಿಟ್ಟದ್ದನ್ನೇ ಹುಡುಕಿ ಹೊತ್ತು ತರುತ್ತಾರೆ. ಕೆಲಸದ ವಸ್ತುವನ್ನು ಬಿಗಿದು ಹಿಡಿಯುವ ಹಳೆಯ ವೈಸೋ, ಲೇಥ್ ಯಂತ್ರದ ಕಾಲೋ, ಏನಾದರೂ ಸರಿ, ಬೀಡುಕಬ್ಬಿಣವಾಗಿರಬೇಕು, ಒಡೆದಿರಬೇಕು. "ನೆಟ್ಟಗಿರೋದನ್ನ ಯಾವನ್ ಬೇಕಾದ್ರೂ ತರ್ತಾನೆ ಕಣೋ" ಎನ್ನುವುದು ಅವರ ಸಿದ್ಧಾಂತ.

ತಂದದ್ದನ್ನು ಬೆಸೆದುಬಿಟ್ಟರೆ ಮುಗಿಯಿತೇ? ರಾಮ ರಾಮ! ಬೀಡುಕಬ್ಬಿಣಕ್ಕೆ ಅವಸರ ಆಗಿಬರುವುದಿಲ್ಲ. ಬೆಸುಗೆಗೆ ಮುಂಚೆ ಚೆನ್ನಾಗಿ ಕಾಯಿಸಬೇಕು, ಆಮೇಲೆ ನಿಧಾನವಾಗಿ ತಣಿಸಬೇಕು. ಇಲ್ಲದಿದ್ದರೆ ಪಕ್ಕದಲ್ಲೇ ಇನ್ನೊಂದು ಬಿರುಕು. ಹೀಗಾಗಿ ಅತ್ತೆಯ ಬಚ್ಚಲೊಲೆಯೇ ಮಾವನ ಕುಲುಮೆ. ಹಂಡೆ ಇಳಿಸಿ ವೈಸು ಕೂರಿಸುತ್ತಾರೆ. ನಾನು ರಜೆಗೆ ಹೋದಾಗಲೆಲ್ಲ ತಣ್ಣೀರಿನ ಸ್ನಾನ!

ಒಮ್ಮೆ ಮಾಲೂರಿನಿಂದ ಅತ್ತೆಯ ತಂಗಿ ಬಂದರು. ಹಜಾರದಲ್ಲಿ ಬಿಸಿ ವೈಸನ್ನು ಹೂತಿಟ್ಟ ಬೂದಿಯ ತೊಟ್ಟಿ, ಅದರ ಮೇಲೆ ಎರಡು ಕಂಬಳಿ, ಪಕ್ಕದಲ್ಲಿ ಬೆವರು ಸುರಿಸುತ್ತ ಕಾವಲು ಕೂತ ಮಾವ. ಆಕೆ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದ್ದೇ ತಡ, "ಬ್ಯಾಡಮ್ಮಾ! ಅದಕ್ಕೆ ಗಾಳಿ ತಗುಲ್ತದೆ!" ಎಂದು ಮಾವ ಕೂಗಿದರು.

"ನಾನು ಬಾಣಂತಿ ಆಗಿದ್ದಾಗ್ಲೂ ಇಷ್ಟು ಉಪಚಾರ ಕಾಣ್ಲಿಲ್ಲ ಕಣೇ" ಎಂದರು ಅತ್ತೆ. "ಒಂದಿನ ಎಲ್ಲಾ ಗುಜರಿಗೆ ಹಾಕ್ತೀನಿ, ನೋಡ್ತಿರು!"

ಮೊನ್ನೆ ಮುಳಬಾಗಿಲಿನ ಮೆಕ್ಯಾನಿಕ್ ಬಾಷಾ ಭಾಯಿ ಬಂದರು. ಅವರು ಕೊಂಡಿದ್ದ ಹಳೆಯ ಡ್ರಿಲ್ಲಿಂಗ್ ಮಷೀನು ಟೆಂಪೋದಿಂದ ಬಿದ್ದು, ಅದರ ಬೀಡುಕಬ್ಬಿಣದ ಟೇಬಲ್ಲು ಬಿರುಕು ಬಿಟ್ಟಿತ್ತು. "ಶುಕ್ರವಾರ ನಮ್ ಗ್ಯಾರೇಜ್ ಶುರು ಅಣ್ಣಾ. ಇದ್ ಹೋದ್ರೆ ಇನ್ನೊಂದ್ ತರಾಕೆ ನಂಗೆ ಆಗಲ್ಲ."

"ನಾನಿದೀನಲ್ಲ ಭಾಯಿ, ಚಿಂತೆ ಬಿಡು" ಎಂದರು ಮಾವ.

ಕಾಯಿಸಿದ್ದಾಯಿತು, ಬೆಸೆದದ್ದಾಯಿತು. ಎರಡು ದಿನದ ಮೇಲೆ ಬೂದಿಯಿಂದ ತೆಗೆದು ಹಗ್ಗದಲ್ಲಿ ತೂಗುಹಾಕಿದರು. ಸುತ್ತಿಗೆಯಿಂದ ತಟ್ಟಿದಾಗ ಠಣ್ ಎಂದರೆ ಕೂಡಿದೆ, ದೊಬ್ ಎಂದರೆ ಒಳಗೆ ಬಿರುಕಿದೆ ಎಂದರ್ಥ. ಮಾವ ತಟ್ಟಿದರು.

ದೊಬ್! ನನಗೇ ತಿಳಿಯಿತು. ಭಾಯಿಯ ಮುಖ ಸಣ್ಣದಾಯಿತು. ಆದರೆ ಮಾವ ನೋಡುತ್ತಿದ್ದದ್ದು ಅತ್ತೆಯ ಮುಖವನ್ನು. ಅತ್ತೆ ಇಲ್ಲವೆಂದು ಮೆಲ್ಲಗೆ ತಲೆಯಾಡಿಸಿದರು.

ಠಣ್ಣಿಗೂ ದೊಬ್ಬಿಗೂ ವ್ಯತ್ಯಾಸ ಗೊತ್ತಾಗದಷ್ಟು ಮಾವನ ಕಿವಿ ಮಂದವಾಗಿತ್ತು! ಎಷ್ಟು ವರ್ಷದಿಂದಲೋ, ಅತ್ತೆಯೊಬ್ಬರನ್ನು ಬಿಟ್ಟು ನಮಗ್ಯಾರಿಗೂ ಗೊತ್ತಿರಲಿಲ್ಲ.

ಮಾವ ಸುತ್ತಿಗೆ ಕೆಳಗಿಟ್ಟರು. "ಇನ್ ನನ್ ಕೈಲಾಗಲ್ಲ ಬಿಡೇ."

ಅತ್ತೆ ಬಚ್ಚಲಿಗೆ ಹೋಗಿ ತಾವೇ ಹಂಡೆ ಇಳಿಸಿದರು. ಬಂದು ಮಾವನ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಿದರು: "ಶುಕ್ರವಾರಕ್ಕೆ ಇನ್ನೂ ಮೂರು ದಿನ ಐತೆ. ಇನ್ನೊಂದ್ಸಲ ಕಾಯ್ಸಿ. ಕೇಳೋಕೆ ನಾನಿಲ್ವಾ?" ನನಗೆ ಅಳುವೇ ಬಂದುಬಿಟ್ಟಿತು.

ಗುರುವಾರ ಸಂಜೆ ಮಾವ ಮತ್ತೆ ತಟ್ಟಿದರು. ಅತ್ತೆಯ ಮುಖ ನೋಡಿದರು. ಅತ್ತೆ ನಕ್ಕರು.

ಮಾವ ಎದೆಯುಬ್ಬಿಸಿ ಭಾಯಿಯ ಕಡೆ ತಿರುಗಿದರು. "ಕೇಳಿಸ್ತಾ ಭಾಯಿ? ಠಣ್!"